ಡಿಜಿಟಲ್ ಕ್ರೀಡಾ ಕಾರ್ಡ್: ತೆರೆಯ ಮೇಲಿನ ಬೆಲೆ ನಂಬಬಹುದೇ?

ಕಾರ್ಡ್‌ಗಂಟು:
ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಡಿಜಿಟಲ್ ಕಾರ್ಡ್ ಮಾರುವ ಎನ್‌ಬಿಎ ಟಾಪ್ ಶಾಟ್‌ನಲ್ಲಿ ಒಂದು ಮೊಮೆಂಟ್ (ನಂಬರ್ ಹಾಕಿದ ಆಟದ ವಿಡಿಯೊ ತುಣುಕು) 20 ಡಾಲರ್‌ಗೆ ಸಿಗುತ್ತಿದೆ. ಇನ್ನೊಂದು ಪ್ರತಿಯೂ ಇದೆ: ಅದೇ ಆಟಗಾರ, ಅದೇ ಕ್ಲಿಪ್, ಸೀರಿಯಲ್ ನಂಬರ್ ಮಾತ್ರ ಬೇರೆ. ಅದಕ್ಕೆ 300 ಕೇಳುತ್ತಿದ್ದಾರೆ. ಕ್ಲಿಪ್ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವಾಗ ಈ ಬೆಲೆ ಬರುವುದು ಎಲ್ಲಿಂದ? ಎರಡು ಮೂರು ವರ್ಷ ಇಟ್ಟುಕೊಂಡು ಮಾರುವ ಲೆಕ್ಕದಲ್ಲಿ ಕೊಳ್ಳಬಹುದೇ? ಸೊರೇರ್ ಫುಟ್‌ಬಾಲ್ ಕಾರ್ಡ್ ಇದಕ್ಕಿಂತ ವಾಸಿಯೇ?

ಲೆಕ್ಕಿಗ:
ನೀವು ಹೇಳಿದ 20 ಡಾಲರ್ ಬೆಲೆಯಲ್ಲ, ಮಾರುವವನ ಆಸೆ. ಮೊದಲು ಆ ಮೊಮೆಂಟ್‌ನ ಕೊನೆಯ ಹತ್ತು ಹದಿನೈದು ಮಾರಾಟ, ಅವುಗಳ ದಿನಾಂಕ ನೋಡಿ. 14ರ ಆಸುಪಾಸಿನಲ್ಲಿ ಕೈ ಬದಲಾಗುತ್ತಿದ್ದರೆ ಅದರ ಬೆಲೆ 14 ಅಷ್ಟೇ. ಆಮೇಲೆ ಒಟ್ಟು ಎಷ್ಟು ಪ್ರತಿ ಬಂದಿವೆ, ಅದರಲ್ಲಿ ಎಷ್ಟು ಈಗ ಮಾರಾಟಕ್ಕಿವೆ ನೋಡಿ. ವಾರಕ್ಕೆ ನಾಲ್ಕು ಮಾರಾಟವಾಗುವ ಕಡೆ 600 ಪ್ರತಿ ಸಾಲಿನಲ್ಲಿ ನಿಂತಿದ್ದರೆ ನಿಮ್ಮ ಸರದಿ ಬರುವಷ್ಟರಲ್ಲಿ ಬೆಲೆ ಇನ್ನೂ ಇಳಿದಿರುತ್ತದೆ.

ಮಾರುವವನಿಂದ ಶೇ 5 ಕಮಿಷನ್ ಹಿಡಿಯುತ್ತಾರೆ. 20ಕ್ಕೆ ಕೊಂಡರೆ ಅಸಲು ಮರಳಲಿಕ್ಕೇ ಸುಮಾರು 21.05ಕ್ಕೆ ಮಾರಬೇಕು.

ಸೀರಿಯಲ್ ವಿಷಯ: ಹೆಚ್ಚು ಹಣ ಸಿಗುವುದು 1ನೇ ನಂಬರಿಗೆ, ಆಟಗಾರನ ಜರ್ಸಿ ಮೇಲಿರುವ ಸಂಖ್ಯೆಯೇ ಆದ ನಂಬರಿಗೆ, ಸ್ವಲ್ಪಮಟ್ಟಿಗೆ ಕೊನೆಯ ನಂಬರಿಗೆ. 4,000 ಪ್ರತಿಗಳಲ್ಲಿ 212ನೆಯದು ‘ಚಿಕ್ಕ ನಂಬರ್’ ಎಂದು ಜಾಸ್ತಿ ಕೇಳಿದರೆ ಕೊಡಬೇಡಿ. ಮುಂದೆ ನೀವು ಮಾರುವಾಗ ಆ ಹೆಚ್ಚುವರಿ ಕೊಡುವವರು ಸಿಗುವುದು ಕಷ್ಟ.

ಹಳೇಪ್ಯಾಕ್:
ಬೆಲೆ ಎಲ್ಲಿಂದ ಅನ್ನುವ ಪ್ರಶ್ನೆಗೆ. ಕಾಗದದ ಕಾರ್ಡ್‌ಗೆ ವಯಸ್ಸೇ ಬೆಲೆ ತಂದುಕೊಡುತ್ತದೆ. 1952ರ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಕಾರ್ಡ್‌ಗಳಲ್ಲಿ ಮಾರದೆ ಉಳಿದವನ್ನು 1960ರಲ್ಲಿ ಸಮುದ್ರಕ್ಕೆ ಸುರಿಸಿದ್ದಾಗಿ ಕಂಪನಿಯ ಸೈ ಬರ್ಗರ್ ಹೇಳಿದ್ದರು. ಮಾರಾಟವಾದವು ಮಕ್ಕಳ ಕೈಯಲ್ಲಿ ಹರಿದವು, ಮಡಿಚಿಹೋದವು. ಹಾಗಾಗಿಯೇ ಆ ಸರಣಿಯ ಮಿಕ್ಕಿ ಮ್ಯಾಂಟಲ್ ಕಾರ್ಡ್, ಅಂಚು ಮಾಸದೆ ಉಳಿದದ್ದೊಂದು, 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು.

ಡಿಜಿಟಲ್ ಪ್ರತಿ ಹರಿಯುವುದಿಲ್ಲ, ಮಾಸುವುದಿಲ್ಲ. 4,000 ಬಿಟ್ಟಿದ್ದರೆ ಇಪ್ಪತ್ತು ವರ್ಷದ ನಂತರವೂ ಹೆಚ್ಚುಕಡಿಮೆ ಅಷ್ಟೇ, ಎಲ್ಲವೂ ಹೊಚ್ಚಹೊಸದು. ಪೂರೈಕೆ ಕಾಲದಿಂದ ಕರಗದ ಕಾರಣ ಬೆಲೆ ಏರಬೇಕಾದರೆ ಹೊಸ ಕೊಳ್ಳುವವರೇ ಬರಬೇಕು. ಆ ಕ್ಲಿಪ್‌ನ ಸಂಖ್ಯೆ ನಿಗದಿ ನಿಜ. ಆದರೆ ಅದೇ ಆಟಗಾರನ ಬೇರೆ ಕ್ಲಿಪ್‌ಗಳನ್ನು ಪ್ರತಿ ಸೀಸನ್ ಬಿಡುತ್ತಲೇ ಇರುತ್ತಾರೆ. 2021ರ ಫೆಬ್ರವರಿಯಲ್ಲಿ ಟಾಪ್ ಶಾಟ್‌ನ ಒಂದೇ ತಿಂಗಳ ವಹಿವಾಟು 20 ಕೋಟಿ ಡಾಲರ್ ದಾಟಿತ್ತು; ಲೆಬ್ರಾನ್ ಜೇಮ್ಸ್‌ನ ಒಂದು ಡಂಕ್ (ಚೆಂಡನ್ನು ಬುಟ್ಟಿಗೆ ತುರುಕುವ ಹೊಡೆತ) ಕ್ಲಿಪ್ 2,08,000 ಡಾಲರ್‌ಗೆ ಹೋಗಿತ್ತು. ಆಮೇಲೆ ಹೊಸ ಮೊಮೆಂಟ್ ತುಂಬಿದ ಪ್ಯಾಕ್‌ಗಳು ಹೆಚ್ಚಿದವು, ಕೊಳ್ಳುವವರು ಕರಗಿದರು, ಹೆಚ್ಚು ಪ್ರತಿಗಳಿರುವ ಸಾಮಾನ್ಯ ದರ್ಜೆಯವು ನೆಲ ಕಚ್ಚಿದವು. ಒಬ್ಬ ಅಭಿಮಾನಿಗೆ ತನ್ನ ಆಟಗಾರನ 1ನೇ ನಂಬರ್ ತನ್ನದೇ ಎನ್ನುವ ಸಂತೋಷ ದೊಡ್ಡದು, ಅದನ್ನು ಹಗುರಾಗಿ ನೋಡಬಾರದು. ಎರಡು ಮೂರು ವರ್ಷದ ಹೂಡಿಕೆ ಅಂತಾದರೆ ಸಾಮಾನ್ಯ ದರ್ಜೆಯದು ಬೇಡ.

ಆಫ್‌ಸೈಡ್:
ಸೊರೇರ್ ಲೆಕ್ಕ ಬೇರೆ. ಅಲ್ಲಿ ಕಾರ್ಡ್ ಅಂದರೆ ಫ್ಯಾಂಟಸಿ ಆಟಕ್ಕೆ (ನಿಜ ಪಂದ್ಯದಲ್ಲಿ ಆಟಗಾರ ಆಡಿದ್ದಕ್ಕೆ ಅಂಕ ಸಿಗುವ ಆಟ) ಇಳಿಸುವ ಕಾಯಿ. ಒಬ್ಬ ಆಟಗಾರನಿಗೆ ಸೀಸನ್ನಿಗೆ ಬಿಡುವ ಪ್ರತಿ ದರ್ಜೆವಾರು ಹೀಗೆ: ಲಿಮಿಟೆಡ್ 1,000, ರೇರ್ 100, ಸೂಪರ್ ರೇರ್ 10, ಯುನೀಕ್ 1. ಬೆಲೆಯ ದೊಡ್ಡ ಪಾಲು ಅವನು ಮುಂದಿನ ವಾರ ಆಡುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಮಂಡಿಗೆ ಪೆಟ್ಟಾದರೆ, ಬೆಂಚಿಗೆ ಹೋದರೆ, ಸೊರೇರ್‌ಗೆ ಲೈಸೆನ್ಸ್ ಇಲ್ಲದ ಲೀಗಿಗೆ ವರ್ಗವಾದರೆ ಒಂದೇ ದಿನದಲ್ಲಿ ಬೀಳುತ್ತದೆ. ವಯಸ್ಸು 31 ದಾಟಿದವರ ಕಾರ್ಡ್ ಅಗ್ಗ ಕಾಣುವುದು ಇದಕ್ಕೇ. ನಿವೃತ್ತಿಯಾದ ಮೇಲೆ ಆಡಿಸಲು ಬರದು, ಸಂಗ್ರಹದ ಬೆಲೆಯಷ್ಟೇ ಉಳಿಯುತ್ತದೆ. ಹಾಗಾಗಿ ವಾಸಿ ಅನ್ನಲಾರೆ; ಆಡುವವರಿಗೆ ಸರಿ, ಸುಮ್ಮನೆ ಇಟ್ಟುಕೊಳ್ಳುವವರಿಗೆ ಅಲ್ಲ.

ಸರಪಳಿ:
ಇನ್ನೊಂದು ಅಪಾಯ ಯಾರೂ ಹೇಳಲಿಲ್ಲ: ವೇದಿಕೆಯೇ ಮುಚ್ಚಬಹುದು. ಅಮೆರಿಕದ ಬೆಟ್ಟಿಂಗ್ ಕಂಪನಿ ಡ್ರಾಫ್ಟ್‌ಕಿಂಗ್ಸ್ 2024ರ ಜುಲೈನಲ್ಲಿ ತನ್ನ ಡಿಜಿಟಲ್ ಕಾರ್ಡ್ ಆಟ ರೇನ್‌ಮೇಕರ್ಸ್, ಎನ್‌ಎಫ್‌ಟಿ (ಒಡೆತನ ತೋರಿಸುವ ಡಿಜಿಟಲ್ ಟೋಕನ್) ಮಾರುಕಟ್ಟೆ ಎರಡನ್ನೂ ನಿಲ್ಲಿಸಿತು. ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ದಾಖಲೆ ಪುಸ್ತಕ) ಮೇಲೆ ಸಾಮಾನ್ಯವಾಗಿ ಇರುವುದು ಟೋಕನ್ ಮತ್ತು ಅದರ ವಿವರ. ವಿಡಿಯೊ ಬೇರೆಡೆಯ ಸರ್ವರ್‌ನಲ್ಲಿರುತ್ತದೆ. ಆ ಸರ್ವರ್ ನಿಂತರೆ ನಂಬರ್ ಉಳಿಯುತ್ತದೆ, ಚಿತ್ರ ಕಾಣದು. ಟೋಕನ್ ಕೊಂಡ ಮಾತ್ರಕ್ಕೆ ವಿಡಿಯೊದ ಕಾಪಿರೈಟ್ ಕೂಡ ನಿಮ್ಮದಾಗುವುದಿಲ್ಲ.

ಕೊಳ್ಳುವ ಮುನ್ನ ಮೂರು ಪರೀಕ್ಷೆ ಮಾಡಿ. ಟೋಕನ್ ಅನ್ನು ಸ್ವಂತ ವಾಲೆಟ್‌ಗೆ (ಟೋಕನ್ ಇಡುವ ನಿಮ್ಮದೇ ಡಿಜಿಟಲ್ ಖಾತೆ) ಸಾಗಿಸಲು ಬಿಡುತ್ತಾರೆಯೇ ನೋಡಿ. ಅತಿ ಅಗ್ಗದ್ದೊಂದು ಕೊಂಡು ಮಾರಿ, ಆ ಹಣ ಬ್ಯಾಂಕ್ ಖಾತೆಗೆ ಎಷ್ಟು ದಿನಕ್ಕೆ ಬರುತ್ತದೆ ಎಣಿಸಿ. ಗುರುತಿನ ದಾಖಲೆ ಪರಿಶೀಲನೆಯಲ್ಲೇ ಬಹಳ ಜನರ ಹಣ ತಡೆದು ನಿಲ್ಲುತ್ತದೆ. ಮೂರನೆಯದು, ಮಾರಾಟದ ಇತಿಹಾಸದಲ್ಲಿ ಅವೇ ಎರಡು ಖಾತೆಗಳು ಮತ್ತೆ ಮತ್ತೆ ಕೊಂಡು ಮಾರುತ್ತಿದ್ದರೆ ಆ ಬೆಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕಾರ್ಡ್‌ಗಂಟು:
300 ಕೇಳುತ್ತಿರುವುದು ಜರ್ಸಿ ನಂಬರ್. ಹಾಗಾದರೆ ಅದನ್ನೇ ಕೊಳ್ಳುವುದೇ?

ಲೆಕ್ಕಿಗ:
ಅದೇ ಆಟಗಾರನ ಬೇರೆ ಮೊಮೆಂಟ್‌ಗಳಲ್ಲಿ ಜರ್ಸಿ ನಂಬರ್ ಸಾಮಾನ್ಯ ಪ್ರತಿಯ ಎಷ್ಟು ಪಟ್ಟು ಬೆಲೆಗೆ ನಿಜವಾಗಿ ಮಾರಾಟವಾಗಿದೆ ನೋಡಿ. ಸಾಮಾನ್ಯ ಪ್ರತಿ 14ಕ್ಕೆ ಹೋಗುತ್ತಿದ್ದರೆ, ಎಂಟು ಪಟ್ಟು ಅಂದರೆ 14 × 8 = 112. ಆಫರ್ ಅಷ್ಟಕ್ಕೇ ಹಾಕಿ ಕಾಯಿರಿ.