ಡ್ರೈವರ್ ಟೆಸ್ಟಿಂಗ್: ಗುಂಪಿನಲ್ಲಿ ಕೇಳಿದ್ದು, ಹೇಳಿದ್ದು

ಕಾಸರಗೋಡು–ಮಂಜೇಶ್ವರ ಕಡೆಯ ಕಂಪ್ಯೂಟರ್ ಗುಂಪು. ಕೇಳುವವರ ಹೆಸರಿನ ಜಾಗದಲ್ಲಿ ಅವರ ಊರು. ಉತ್ತರಿಸುವವರು ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಬರೆಯುವ ಎಂಜಿನಿಯರ್.

ಪೆರ್ಲ: ಸರ್, ಕಾಲೇಜು ಪ್ರಾಜೆಕ್ಟಿಗೆ ಲಿನಕ್ಸ್ ಕ್ಯಾರೆಕ್ಟರ್ ಡ್ರೈವರ್ ಬರೆದಿದ್ದೇನೆ. ಇರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲೇ ಇನ್ಸ್‌ಮಾಡ್ (ಡ್ರೈವರನ್ನು ಕರ್ನಲಿಗೆ ಸೇರಿಸುವ ಕಮಾಂಡ್) ಕೊಡಬಹುದಾ?

ಎಂಜಿನಿಯರ್: ಬೇಡ. ಕ್ಯೂಎಮು ವಿಎಂನಲ್ಲಿ (ಲ್ಯಾಪ್‌ಟಾಪಿನ ಒಳಗೆ ಸಾಫ್ಟ್‌ವೇರ್ ಎಬ್ಬಿಸುವ ಇನ್ನೊಂದು ಕಂಪ್ಯೂಟರ್) ಮಾಡಿ, 2 ಜಿಬಿ ರ‍್ಯಾಮ್ ಸಾಕು. ಸ್ನ್ಯಾಪ್‌ಶಾಟ್ ಆಪ್ಶನ್ ಹಾಕಿ ಎಬ್ಬಿಸಿದರೆ ಡಿಸ್ಕಿಗೆ ಬರೆದದ್ದೆಲ್ಲ ತಾತ್ಕಾಲಿಕ ಫೈಲಿಗೆ ಹೋಗ್ತದೆ, ಮುಚ್ಚಿದಾಗ ಮಾಯ. ಸೋರ್ಸ್ ಕೋಡನ್ನು ವಿಎಂ ಒಳಗೆ ಇಟ್ಟರೆ ಅದೂ ಮಾಯ.

ಬದಿಯಡ್ಕ: ನನ್ನ ಡ್ರೈವರ್ 2 ಸೆಕೆಂಡಿಗೊಮ್ಮೆ ಸೆನ್ಸರ್ ಓದುವುದು. ಕೆಲಸ ಸರಿಯೇ ಉಂಟು. ಆರ್‌ಎಂಮಾಡ್ (ಡ್ರೈವರ್ ತೆಗೆಯುವ ಕಮಾಂಡ್) ಕೊಟ್ಟು ಸ್ವಲ್ಪ ಹೊತ್ತಿಗೆ ಇಡೀ ವಿಎಂ ಹ್ಯಾಂಗ್. ಲಾಗಿನಲ್ಲಿ ಒಂದು ಗೆರೆಯೂ ಇಲ್ಲ.

ಎಂಜಿನಿಯರ್: ‘ಸ್ವಲ್ಪ ಹೊತ್ತು’ ಅಂದರೆ 2 ಸೆಕೆಂಡಿನ ಒಳಗೆ ಅಲ್ವಾ? ನಿಮ್ಮ ಟೈಮರ್ ನಿಂತಿಲ್ಲ. ಆರ್‌ಎಂಮಾಡ್ ಆದೊಡನೆ ಮಾಡ್ಯೂಲಿನ (ಅಂದರೆ ನಿಮ್ಮ ಡ್ರೈವರಿನ) ಮೆಮೊರಿ ಹೋಯಿತು, ಟೈಮರ್ ಕರೆಯುವ ಕಾಲ್‌ಬ್ಯಾಕ್ ಫಂಕ್ಷನ್ ಇದ್ದದ್ದೂ ಅಲ್ಲೇ. ಹೊತ್ತಾದಾಗ ಸಿಪಿಯು ಆ ವಿಳಾಸಕ್ಕೆ ಹಾರ್ತದೆ, ಅಲ್ಲಿ ಏನೂ ಇಲ್ಲ. ಪ್ರೊಸೆಸ್ ಒಂದರಲ್ಲಿ ಊಪ್ಸ್ (ಕರ್ನಲಿನ ಒಳಗಿನ ತಪ್ಪು) ಆದರೆ ಅದನ್ನು ಕೊಂದು ಕರ್ನಲ್ ಮುಂದೆ ಹೋಗ್ತದೆ. ಟೈಮರ್ ಓಡುವುದು ಇಂಟರಪ್ಟಿನಲ್ಲಿ (ಹಾರ್ಡ್‌ವೇರ್ ಸಿಪಿಯುವನ್ನು ನಡುವೆ ತಡೆದು ಕರೆಯುವುದು), ಅಲ್ಲಿ ಕೊಲ್ಲಲು ಪ್ರೊಸೆಸ್ ಇಲ್ಲ, ಸೀದಾ ಪ್ಯಾನಿಕ್ (ಇಡೀ ಕರ್ನಲ್ ನಿಲ್ಲುವುದು). ಲಾಗ್ ಡಿಸ್ಕಿಗೆ ತಲುಪುವುದೇ ಇಲ್ಲ.

ಲಾಗ್ ಬೇಕಾದರೆ ಕರ್ನಲ್ ಕಮಾಂಡ್ ಲೈನಿನಲ್ಲಿ ಕನ್ಸೋಲ್=ಟಿಟಿವೈಎಸ್0,115200 ಹಾಕಿ, ಕ್ಯೂಎಮುವಿನ ಸೀರಿಯಲ್ ಪೋರ್ಟನ್ನು ಹೋಸ್ಟಿನ (ವಿಎಂ ಓಡಿಸುವ ನಿಜ ಮೆಷಿನಿನ) ಫೈಲಿಗೆ ತಿರುಗಿಸಿ. ಹ್ಯಾಂಗ್ ಆಗದಿರಲು ಎಕ್ಸಿಟ್ ಫಂಕ್ಷನಿನಲ್ಲಿ (ಡ್ರೈವರ್ ತೆಗೆಯುವಾಗ ಓಡುವುದು) ಮೊದಲು ಡಿವೈಸ್ ಅನ್‌ರಿಜಿಸ್ಟರ್. ಆಮೇಲೆ ಹಾರ್ಡ್‌ವೇರಿನಲ್ಲೇ ಇಂಟರಪ್ಟ್ ನಿಲ್ಲಿಸಿ ಫ್ರೀ_ಐಆರ್‌ಕ್ಯೂ (ಇಂಟರಪ್ಟ್ ಬಿಟ್ಟುಕೊಡುವುದು), ನಂತರ ಟೈಮರ್, ವರ್ಕ್ (ಆಮೇಲೆ ಓಡಿಸಲು ಇಟ್ಟ ಕೆಲಸ) ನಿಲ್ಲಿಸಿ, ಕಡೆಗೆ ಕೆಫ್ರೀ (ಮೆಮೊರಿ ಬಿಡುವುದು). ಹಳೆಯ ಡೆಲ್_ಟೈಮರ್_ಸಿಂಕ್ ನಿಲ್ಲಿಸಿದ ಟೈಮರನ್ನು ಬಾಕಿ ಉಳಿದ ವರ್ಕ್ ಪುನಃ ಎಬ್ಬಿಸೀತು. ಕರ್ನಲ್ 6.2ರಿಂದ ಟೈಮರ್_ಶಟ್‌ಡೌನ್_ಸಿಂಕ್ ಉಂಟು, ಅದರ ಮೇಲೆ ಎಬ್ಬಿಸಲಾಗದು. ಸರಿ ಮಾಡಿ, ಕೇಸನ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕಿದ ಕರ್ನಲಿನಲ್ಲಿ ಲೋಡ್–ಅನ್‌ಲೋಡ್ 200 ಸಲ ಲೂಪ್ ಓಡಿಸಿ. ಪ್ರತಿ ಅನ್‌ಲೋಡಿನ ನಂತರ 3 ಸೆಕೆಂಡ್ ಬಿಡಿ, ಇಲ್ಲವಾದರೆ ಟೈಮರ್ ಬಡಿಯುವ ಮೊದಲೇ ಮುಂದಿನ ಲೋಡ್ ಆಗಿರ್ತದೆ.

ಮುಳ್ಳೇರಿಯ: ಒಂದೇ ಲ್ಯಾಪ್‌ಟಾಪ್ ಇದ್ದರೆ ನೇರ ಇನ್ಸ್‌ಮಾಡ್ ಆಗ್ತದಾ?

ಎಂಜಿನಿಯರ್: ಮೇಲೆ ಉಂಟು.

ಉಪ್ಪಳ: ಬೇರೆ ಗುಂಪಿನಿಂದ ಬಂದದ್ದು: “ವರ್ಶನ್ ಮ್ಯಾಜಿಕ್ ಎರರಿಗೆ ಮಾಡ್‌ಪ್ರೋಬ್ ಫೋರ್ಸ್. ಪ್ಯಾನಿಕ್ ಬಾರದಿರಲು ಪ್ಯಾನಿಕ್_ಆನ್_ಊಪ್ಸ್ 0. ಎಲ್ಲರಿಗೂ ಕಳಿಸಿ.”

ಎಂಜಿನಿಯರ್: ಯಾರಿಗೂ ಕಳಿಸಬೇಡಿ. ವರ್ಶನ್ ಮ್ಯಾಜಿಕ್ ಅಂದರೆ ಮಾಡ್ಯೂಲ್ ಈ ಕರ್ನಲಿಗೇ ಬಿಲ್ಡ್ ಆದದ್ದಾ ಎಂಬ ಚೆಕ್. ಲೋಡ್ ಮಾಡುವಾಗ ಫೋರ್ಸ್ ಹಾಕಿದರೆ ಆ ಚೆಕ್ ಹೋಗ್ತದೆ, ತಪ್ಪು ಹೋಗುವುದಿಲ್ಲ. ಬೇರೆ ಕರ್ನಲಿಗೆ ಬಿಲ್ಡ್ ಮಾಡಿದ ಮಾಡ್ಯೂಲಿಗೆ ಸ್ಟ್ರಕ್ಚರಿನ ಅಳತೆ ಬೇರೆ ಇದ್ದರೆ ಯಾರದೋ ಮೆಮೊರಿಯಲ್ಲಿ ಬರೆದು ಬರ್ತದೆ. ಪ್ಯಾನಿಕ್_ಆನ್_ಊಪ್ಸ್ 0 ಇದ್ದರೆ ಊಪ್ಸ್ ಆದ ಮೇಲೂ ಕರ್ನಲ್ ಓಡ್ತದೆ, ಆ ಪ್ರೊಸೆಸ್ ಹಿಡಿದ ಲಾಕ್ ಹಾಗೇ ಉಳೀತದೆ. ಅದರ ಮೇಲೆ ಓಡಿಸಿ ಡಿಸ್ಕ್ ಹಾಳು ಮಾಡಿಕೊಳ್ಳಬೇಡಿ. ಟೆಸ್ಟ್ ಮೆಷಿನಿನಲ್ಲಿ ಪ್ಯಾನಿಕ್_ಆನ್_ಊಪ್ಸ್ 1 ಇರಬೇಕು.

ನೀರ್ಚಾಲು: ಪ್ರಿಂಟರ್ ಡ್ರೈವರಿಗೂ ಇದೆಲ್ಲ ಬೇಕಾ?

ಕುಂಬಳೆ: ಮಳೆಗೆ ಕರೆಂಟು ಹೋಗ್ತಾ ಇರ್ತದೆ. ಟೆಸ್ಟ್ ಡೆಸ್ಕ್‌ಟಾಪ್ ರೀಬೂಟ್ ಆದದ್ದು ಅದರಿಂದಲಾ ಪ್ಯಾನಿಕ್ಕಿನಿಂದಲಾ?

ಎಂಜಿನಿಯರ್: ಕೆಡಂಪ್ (ಪ್ಯಾನಿಕ್ ಆದಾಗ ಮೆಮೊರಿಯನ್ನು ಫೈಲಿಗೆ ಉಳಿಸುವುದು) ಹಾಕಿ, ಕರ್ನಲ್ ಕಮಾಂಡ್ ಲೈನಿನಲ್ಲಿ ಕ್ರ್ಯಾಶ್‌ಕರ್ನಲ್=256ಎಂ. ಪ್ಯಾನಿಕ್ ಆದರೆ /ವಾರ್/ಕ್ರ್ಯಾಶ್‌ನಲ್ಲಿ ಹೊಸ ಫೋಲ್ಡರ್ ಬರ್ತದೆ, ಕರೆಂಟು ಹೋದರೆ ಬರುವುದಿಲ್ಲ. ಮೊದಲೇ ಸಿಂಕ್ (ಬಾಕಿ ಇದ್ದದ್ದನ್ನು ಡಿಸ್ಕಿಗೆ ಬರೆಯುವುದು) ಕೊಟ್ಟು, ಸಿಸ್‌ರಿಕ್ಯೂ ಟ್ರಿಗರಿಗೆ (ಕರ್ನಲಿಗೆ ನೇರ ಆಜ್ಞೆ ಕೊಡುವ ಫೈಲ್) ‘ಸಿ’ ಬರೆದು ಬೇಕೆಂದೇ ಬೀಳಿಸಿ ನೋಡಿ.

ವರ್ಕಾಡಿ: ವಿಂಡೋಸಿನಲ್ಲಿ ಡ್ರೈವರ್ ವೆರಿಫೈಯರ್ (ಡ್ರೈವರಿನ ತಪ್ಪು ಹುಡುಕುವ ಸಾಧನ) ಎಲ್ಲ ಡ್ರೈವರಿಗೂ ಹಚ್ಚಿದೆ. ನೀಲಿ ಪರದೆ, ರೀಬೂಟ್, ಪುನಃ ನೀಲಿ.

ಎಂಜಿನಿಯರ್: ಸೇಫ್ ಮೋಡ್, ವೆರಿಫೈಯರ್ /ರೀಸೆಟ್. ಇನ್ನು ಮೇಲೆ ನಿಮ್ಮ ಡ್ರೈವರಿಗೆ ಮಾತ್ರ.

ಪೈವಳಿಕೆ: ಇದಕ್ಕೇ ವಿಂಡೋಸ್ ಬೇಡ ಅನ್ನುವುದು. 2024ರ ಜುಲೈ 19ಕ್ಕೆ ಸೆಕ್ಯುರಿಟಿ ಕಂಪೆನಿ ಕ್ರೌಡ್‌ಸ್ಟ್ರೈಕಿನ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್ ಮಲಗಿದವು.

ವರ್ಕಾಡಿ: ಲಿನಕ್ಸಿನ ಡ್ರೈವರ್ ಎಲ್ಲಿ ಓಡುವುದು ಮಾರಾಯ್ರೆ? ಅದೂ ಕರ್ನಲಿನ ಒಳಗೇ ಅಲ್ವಾ?

ಪೈವಳಿಕೆ: ಅದಕ್ಕೇ ಲಿನಕ್ಸ್ ಕರ್ನಲಿಗೆ 6.1ರಿಂದ ರಸ್ಟ್ (ಮೆಮೊರಿ ತಪ್ಪು ತಡೆಯುವ ಪ್ರೋಗ್ರಾಮಿಂಗ್ ಭಾಷೆ) ಬಂದದ್ದು.

ವರ್ಕಾಡಿ: ರಸ್ಟ್ ಡೆಡ್‌ಲಾಕ್ (ಲಾಕಿಗಾಗಿ ಒಬ್ಬರಿಗೊಬ್ಬರು ಕಾದು ನಿಲ್ಲುವುದು) ತಡೀತದಾ? ಅದರ ಚೆಕ್ ಸಡಿಲಿಸುವ ಅನ್‌ಸೇಫ್ ಬ್ಲಾಕ್ ಎಂತಕ್ಕೆ ಇರುವುದು ಮತ್ತೆ?

ಪೈವಳಿಕೆ: ನೀವು ಒಂದು ಗೆರೆ ರಸ್ಟ್ ಬರೆದು ಮಾತಾಡಿ.

ವರ್ಕಾಡಿ: ನಿಮ್ಮ ಪರ್ಮಿಶನ್ ಬೇಕಾ?

ಉಪ್ಪಳ: ವಿಎಂಗೆ ನಿಜ ಪಿಸಿಐ ಕಾರ್ಡ್ ಕೊಡುವುದು ಹೇಗೆ? ಜಗಳ ಮುಗಿದ ಮೇಲೆ ಹೇಳಿದರೂ ಸಾಕು.

ಎಂಜಿನಿಯರ್: ಇಬ್ಬರೂ ಬೇರೆ ಕಡೆ ಹೋಗಿ. ಉಪ್ಪಳದವರೇ, ಇಂಟೆಲ್ ಆದರೆ ಬಯೋಸಿನಲ್ಲಿ ವಿಟಿ-ಡಿ ಆನ್, ಕರ್ನಲಿಗೆ ಇಂಟೆಲ್_ಐಓಎಂಎಂಯು=ಆನ್ (ಐಓಎಂಎಂಯು ಅಂದರೆ ಡಿವೈಸ್ ಮುಟ್ಟುವ ಮೆಮೊರಿಗೆ ಬೇಲಿ ಹಾಕುವ ಹಾರ್ಡ್‌ವೇರ್), ಕಾರ್ಡಿಗೆ ವಿಎಫ್‌ಐಓ (ಅದನ್ನು ವಿಎಂಗೆ ಒಪ್ಪಿಸುವ ಡ್ರೈವರ್). ಒಂದೇ ಐಓಎಂಎಂಯು ಗುಂಪಿನ ಡಿವೈಸ್‌ಗಳನ್ನು ಹೋಸ್ಟ್ ಮತ್ತು ವಿಎಂ ನಡುವೆ ಹಂಚಲಾಗದು. ಹೋಸ್ಟಿನ ಡಿಸ್ಕ್ ಕಂಟ್ರೋಲರ್ ಅದೇ ಗುಂಪಿನಲ್ಲಿದ್ದರೆ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ. ಮತ್ತೆ ಫಾರ್ವರ್ಡ್ ಬೇಡ.