ಮರಿಗಳಿಗೆ ಪಟ್ಟೆ ಇದೆ, ಅಪ್ಪ ಕಾಡುಬೆಕ್ಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಂಡ್ಯ ಕಡೆ ಹಳ್ಳಿ. ಮನೆ ಹಿಂದೆಯೇ ಕಬ್ಬಿನ ಗದ್ದೆ. ಸಂಜೆ ಅಲ್ಲಿ ಕಾಡುಬೆಕ್ಕು ಓಡಾಡುತ್ತದೆ. ನಮ್ಮ ಕರಿ ಕೊತ್ತಿ ನಾಲ್ಕು ಮರಿ ಹಾಕಿದೆ. ಎರಡಕ್ಕೆ ಮೈತುಂಬ ಪಟ್ಟೆ. ಮುಟ್ಟಲು ಹೋದರೆ ಬುಸ್ ಅನ್ನುತ್ತವೆ. ಇವು ಕಾಡುಬೆಕ್ಕಿಗೆ ಹುಟ್ಟಿದವಾ?

ಪಶುವೈದ್ಯರ ಉತ್ತರ: ಪಕ್ಕದ ಬೀದಿಯ ಪಟ್ಟೆ ಬೆಕ್ಕಿನ ಮೇಲೆಯೇ ನನಗೆ ಅನುಮಾನ ಜಾಸ್ತಿ. ಪಟ್ಟೆ ಮನೆಬೆಕ್ಕಿನ ಹಳೇ ಬಣ್ಣ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯರ ಜೊತೆ ಸೇರಿಕೊಂಡ ಕಾಡುಬೆಕ್ಕಿನಿಂದ ಬಂದದ್ದು. ನಿಮ್ಮ ಗದ್ದೆಯದು ಬೇರೆಯೇ ಜಾತಿ. ಅದಕ್ಕೆ ಉದ್ದ ಕಾಲು, ಮೋಟು ಬಾಲ, ಕಿವಿ ತುದಿಯಲ್ಲಿ ಚೂರು ಕಪ್ಪು ಕೂದಲು. ಬೆಳೆದ ಮೇಲೆ ಮೈಯೆಲ್ಲ ಮಣ್ಣಿನ ಬಣ್ಣ, ಕಾಲಲ್ಲಿ ಮಾತ್ರ ಮಸುಕು ಗೆರೆ. ಇನ್ನು ಬುಸ್ ಅನ್ನುವುದು ರಕ್ತದ ಗುಣವಲ್ಲ. ಹುಟ್ಟಿದ ಎರಡರಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಬಳಕೆಯಾಗದಿದ್ದರೆ ಯಾವ ಮರಿಯೂ ಹಾಗೇ ಮಾಡುತ್ತದೆ.

ಪ್ರಶ್ನೆ: ಹಾಗಾದ್ರೆ ಇವೆರಡೂ ಕೂಡುವುದೇ ಇಲ್ವಾ?

ಉತ್ತರ: ಕೂಡಬಹುದು, ಅಪರೂಪ. ಚಾಸಿ ಅನ್ನುವ ಸಾಕುತಳಿಯನ್ನು ಈ ಎರಡು ಜಾತಿ ಸೇರಿಸಿಯೇ ಮಾಡಿದ್ದಾರೆ. ಮೊದಲ ತಲೆಮಾರುಗಳ ಗಂಡುಗಳಿಗೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ನಮ್ಮ ಮಲೆನಾಡಿನಲ್ಲೂ ಇರುವ ಚಿರತೆ ಬೆಕ್ಕನ್ನು ಮನೆಬೆಕ್ಕಿಗೆ ಕೂಡಿಸಿ ಮಾಡಿದ ಬೆಂಗಾಲ್ ತಳಿಯದೂ ಇದೇ ಕಥೆ.

ಹತ್ತಿರದ ನೆಂಟರಾದರೆ ಕಷ್ಟ ಜೋರು. ರಾಜಸ್ಥಾನ, ಕಛ್ ಕಡೆಯ ಮರುಭೂಮಿ ಬೆಕ್ಕು ಮನೆಬೆಕ್ಕಿನ ಮೂಲದ ಜಾತಿಯದೇ. ಅವೆರಡರ ಮರಿಗಳೂ ಮರಿ ಹಾಕುತ್ತವೆ. ಹೀಗೆ ಬಿಟ್ಟರೆ ಏನಾಗುತ್ತದೆ ಅಂತ ಸ್ಕಾಟ್‌ಲೆಂಡಿನಲ್ಲಿ ನೋಡಬಹುದು. ಬೇಟೆಯಿಂದ, ಕಾಡು ಕಡಿದದ್ದರಿಂದ ಅಲ್ಲಿನ ಕಾಡುಬೆಕ್ಕುಗಳು (ನಿಮ್ಮ ಗದ್ದೆಯ ಜಾತಿಯಲ್ಲ, ಮನೆಬೆಕ್ಕಿನ ಹತ್ತಿರದ ನೆಂಟರು) ಕಡಿಮೆಯಾದವು. ಉಳಿದವಕ್ಕೆ ಸ್ವಂತ ಜಾತಿಯ ಜೋಡಿ ಸಿಗಲಿಲ್ಲ, ಊರ ಬೆಕ್ಕು ಸಿಕ್ಕಿತು. ಎರಡೂ ಸಾವಿರಾರು ವರ್ಷ ಅಕ್ಕಪಕ್ಕ ಇದ್ದೂ ಅಷ್ಟಾಗಿ ಬೆರೆತಿರಲಿಲ್ಲ. ಬೆರಕೆ ಜೋರಾದದ್ದು ಕಳೆದ ಶತಮಾನದ ಮಧ್ಯದಿಂದ ಈಚೆಗೆ. 2019ರ ವರದಿ, ಈ ಸಂತತಿ ತಾನಾಗಿ ಉಳಿಯುವ ಸ್ಥಿತಿಯಲ್ಲಿಲ್ಲ ಅಂದಿತು. ಅದಕ್ಕೇ ಸಾಕಿ ಬೆಳೆಸಿದ ಕಾಡುಬೆಕ್ಕುಗಳನ್ನು 2023ರಿಂದ ಕೇರ್ನ್‌ಗಾರ್ಮ್ಸ್ ಗುಡ್ಡಗಳಲ್ಲಿ ಬಿಡುತ್ತಿದ್ದಾರೆ. ಸುತ್ತಲ ಊರಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸುತ್ತಾರೆ. ಅದಿಲ್ಲದೆ ಬಿಟ್ಟರೆ ಸುಮ್ನೆ ದಂಡ ಅಲ್ವಾ?

ನಮ್ಮ ಕಡೆ ನನಗೆ ಬೆರಕೆಗಿಂತ ರೋಗದ ಚಿಂತೆ. ರೇಬೀಸ್, ಬೆಕ್ಕಿನ ಪಾರ್ವೊ (ವಾಂತಿ-ಭೇದಿ ತರುವ ವೈರಸ್ ರೋಗ) ಎರಡೂ ಮನೆಬೆಕ್ಕಿನಿಂದ ಗದ್ದೆಗೆ ಹೋಗಬಲ್ಲವು. ನಿಮ್ಮ ಕೊತ್ತಿಗೆ ಲಸಿಕೆ ಹಾಕಿಸಿ. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಆಪರೇಷನ್ ಮಾಡಿಸಿ. ಮರಿಗಳಿಗೆ ಐದು ತಿಂಗಳಾಗುವ ಹೊತ್ತಿಗೆ ಅವಕ್ಕೂ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಇವತ್ತು ಕಬ್ಬು ಕಡಿಯುವಾಗ ಪಟ್ಟೆ ಇರುವ ಎರಡು ಮರಿ ಸಿಕ್ಕಿವೆ. ಮನೆಬೆಕ್ಕಿನ ಜೊತೆ ಬಿಟ್ಟು ಸಾಕಬಹುದಾ?

ಉತ್ತರ: ಬೇಡ. ಕಾಡುಬೆಕ್ಕಿನ ಮರಿಗಳಿಗೂ ಮೊದಲು ಪಟ್ಟೆ ಇರುತ್ತದೆ, ಆಮೇಲೆ ಮಾಸುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅವನ್ನು ಸಾಕುವುದು ಅಪರಾಧ. ಸಿಕ್ಕಿದ ಜಾಗದಲ್ಲೇ ತರಗಿನ ನೆರಳಲ್ಲಿ ಇಡಿ, ಹಾಲು ಕುಡಿಸಬೇಡಿ, ನಾಯಿಗಳನ್ನು ಕಟ್ಟಿಹಾಕಿ. ಕತ್ತಲಾದ ಮೇಲೆ ತಾಯಿ ಬಂದು ಕಚ್ಚಿಕೊಂಡು ಹೋಗುವ ಸಾಧ್ಯತೆ ಜಾಸ್ತಿ. ಬೆಳಿಗ್ಗೆಯೂ ಅಲ್ಲೇ ಇದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಅಲ್ಲಿಯವರೆಗೆ ಗದ್ದೆಯ ಆ ಭಾಗದ ಕಬ್ಬು ಕಡಿಯಬೇಡಿ, ತರಗಿಗೆ ಬೆಂಕಿಯನ್ನಂತೂ ಇಡಲೇಬೇಡಿ.