ಪದಚರ್ಚೆ: ಕೆಪಾಸಿಟರ್ ಡಬ್ಬಿಗಳ ಮೇಲೆ ಏನು ಬರೆಯಲಿ?

ಗೆಳೆಯರೇ,
ಹಾಸನದಲ್ಲಿ ಈ ಭಾನುವಾರ ಕಾಲೇಜು ಹುಡುಗರಿಗೆ ಆಂಪ್ಲಿಫೈಯರ್ ಕಟ್ಟುವುದನ್ನು ಹೇಳಿಕೊಡುತ್ತಿದ್ದೇವೆ. ಬಿಡಿಭಾಗಗಳ ಡಬ್ಬಿಗೆ ಕನ್ನಡದ ಚೀಟಿ ಅಂಟಿಸಬೇಕು. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ಕೆಪಾಸಿಟರ್‌ಗೆ ‘ಧಾರಕ’ ಇದೆ. ಅದರ ಬಗೆಗಳಾದ ಎಲೆಕ್ಟ್ರೋಲಿಟಿಕ್, ಫಿಲ್ಮ್, ಸೆರಾಮಿಕ್‌ಗೆ ಏನನ್ನಲಿ? ‘ಪೋಲಾರಿಟಿ’ಗೂ (ಯಾವ ಕಾಲು ಪ್ಲಸ್, ಯಾವುದು ಮೈನಸ್ ಅನ್ನುವುದಕ್ಕೂ) ಒಂದು ಪದ ಬೇಕು.

ಉತ್ತರ:
ಧಾರಕ ಬೇಡ. ಅದು ‘ಧೃ’ ಧಾತುವಿನದು. ಹೊರುವುದು, ಧರಿಸುವುದು ಅಂತ ಅರ್ಥ. ಕೆಪಾಸಿಟರ್ ವಿದ್ಯುತ್ತನ್ನು ತುಂಬಿಕೊಂಡು ಬಿಟ್ಟುಕೊಡುವ ವಸ್ತು. ‘ತುಂಬುಕ’ ಅನ್ನಿ. ಅಚ್ಚಗನ್ನಡ, ಮಹಾಪ್ರಾಣವೂ ಇಲ್ಲ. ಫಿಲ್ಮ್‌ಗೆ ‘ಪೊರೆತುಂಬುಕ’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಚಿಕ್ಕಮಗಳೂರಿನಿಂದ:
ಇದೆ. ಹುಡುಗರು ನಾಳೆ ಅಂಗಡಿಗೆ ಹೋಗಿ ‘ತುಂಬುಕ ಕೊಡಿ’ ಅಂದರೆ ಏನು ಸಿಗುತ್ತದೆ? ನಮ್ಮೂರಲ್ಲಿ ಫ್ಯಾನ್ ರಿಪೇರಿಯವರು ಕೆಪಾಸಿಟರನ್ನು ಇವತ್ತಿಗೂ ‘ಕಂಡೆನ್ಸರ್’ ಅನ್ನುತ್ತಾರೆ. ಅದರ ಮೂಲ 1782ರಲ್ಲಿ ವಿಜ್ಞಾನಿ ವೋಲ್ಟಾ ಇಟಾಲಿಯನ್‌ನಲ್ಲಿ ಬಳಸಿದ ಹೆಸರು. ಇಂಗ್ಲಿಷಿನವರೂ ಅದನ್ನು ಎರವಲು ಪಡೆದು, ಆಮೇಲೆ ‘ಕೆಪಾಸಿಟರ್’ ಅಂತ ಬದಲಿಸಿಕೊಂಡರು. ಕಂಡೆನ್ಸರ್ ಮೈಕ್‌ನಲ್ಲಿ ಹಳೆಯದೇ ಉಳಿದಿದೆ.

ಚೀಟಿ ನೋಡಿ ಹುಡುಗರು ಸರಿಯಾದ್ದನ್ನೇ ಎತ್ತಿಕೊಳ್ಳಬೇಕು. ಮೂರು ಹೆಸರೂ ಇದ್ದ ಹಾಗೇ ಇರಲಿ, ಕೆಳಗೆ ಕೆಲಸವನ್ನು ಕನ್ನಡದಲ್ಲಿ ಬರೆಯಿರಿ.

ಎಲೆಕ್ಟ್ರೋಲಿಟಿಕ್‌ಗೆ: ‘ಪವರ್ ಸಪ್ಲೈಗೆ. ಪಟ್ಟೆ ಇರುವ ಕಾಲು ಮೈನಸ್. ಉಲ್ಟಾ ಹಾಕಬೇಡಿ.’ ಉಲ್ಟಾ ಹಾಕಿದರೆ ಬಿಸಿಯಾಗಿ ಒಡೆಯಬಹುದು. ಆದರೆ ಎಲೆಕ್ಟ್ರೋಲಿಟಿಕ್‌ನದೇ ಇನ್ನೊಂದು ಬಗೆಯಾದ ಟ್ಯಾಂಟಲಮ್‌ನಲ್ಲಿ ಪಟ್ಟೆ ಪ್ಲಸ್ ಕಡೆ ಇರುತ್ತದೆ. ದಯವಿಟ್ಟು ಅದನ್ನು ಬೇರೆ ಡಬ್ಬಿಗೆ ಹಾಕಿ, ಇಲ್ಲಿ ಗೊಂದಲ ಆಗಲೇಬಾರದು.

ಫಿಲ್ಮ್‌ಗೆ: ‘ಸದ್ದು ಹರಿಯುವ ದಾರಿಗೆ.’ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು ಸಿಕ್ಕರೆ ಒಳ್ಳೆಯದು, ಜಾಗ ಕಮ್ಮಿ ಇದ್ದರೆ ಪಾಲಿಯೆಸ್ಟರ್ ಕೂಡ ನಡೆಯುತ್ತದೆ. ಸೆರಾಮಿಕ್‌ಗೆ ಎರಡು ಡಬ್ಬಿ ಮಾಡಿ, ಎನ್‌ಪಿ0 ಮತ್ತು ಎಕ್ಸ್7ಆರ್ ಅನ್ನುವ ಎರಡು ಬಗೆಗೆ. ಎನ್‌ಪಿ0 ಸದ್ದಿನ ದಾರಿಗೂ ಆಗುತ್ತದೆ. ಎಕ್ಸ್7ಆರ್‌ನಲ್ಲಿ ವೋಲ್ಟೇಜ್ ಏರಿದ ಹಾಗೆ ಕೆಪಾಸಿಟೆನ್ಸ್ (ತುಂಬಿಕೊಳ್ಳುವ ಶಕ್ತಿ) ಇಳಿಯುತ್ತದೆ, ಅದರಿಂದ ಸದ್ದು ಕೆಡಬಹುದು. ಅದನ್ನು ಐಸಿ (ಚಿಪ್) ಪಕ್ಕದ ಸಪ್ಲೈಗೆ ಇಟ್ಟುಕೊಳ್ಳಿ.

ಪೋಲಾರಿಟಿಗೆ ‘ಧ್ರುವೀಯತೆ’ ಅಂತ ಬರೆದರೆ ಬೆಸುಗೆ ಹಾಕುವ ಹೊತ್ತಲ್ಲಿ ಯಾರೂ ಓದುವುದಿಲ್ಲ. ‘ಪ್ಲಸ್ ಮೈನಸ್ ನೋಡಿ’ ಸಾಕು.

ಉತ್ತರ:
ಪ್ಲಸ್, ಮೈನಸ್, ಸಪ್ಲೈ. ಕನ್ನಡ ಎಲ್ಲಿದೆ? ಹೀಗೇ ಬಿಟ್ಟರೆ ನಮ್ಮದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಚಿಕ್ಕಮಗಳೂರಿನಿಂದ:
ಪಟ್ಟೆ, ಕಾಲು, ಸದ್ದು, ದಾರಿ ನಿಮ್ಮ ಕಣ್ಣಿಗೆ ಬೀಳಲಿಲ್ವಾ? ‘ಕಾಗದ’, ‘ರಸ್ತೆ’ ಎರಡೂ ಪಾರಸಿಯಿಂದ ಬಂದವು. ಅವನ್ನು ಬಿಟ್ಟು ಒಂದು ದಿನ ಮಾತಾಡಿ ನೋಡಿ. ಕನ್ನಡದಲ್ಲಿ ಹೊಸ ಪದ ಹುಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಕೆಲಸ ಇರುವವನ ಬಾಯಿಗೆ ಅದು ಬರಬೇಕು.

ಹಾಸನದಿಂದ:
ಇಬ್ಬರಿಗೂ ವಂದನೆ. ‘ಸದ್ದು ಹರಿಯುವ ದಾರಿಗೆ’ ತೆಗೆದುಕೊಂಡೆ, ಟ್ಯಾಂಟಲಮ್‌ಗೆ ಬೇರೆ ಡಬ್ಬಿ ಇಟ್ಟೆ. ಇನ್ನೊಂದು ಉಳಿದಿದೆ. ದಪ್ಪ, ತೆಳು ಸದ್ದನ್ನು ಬೇರೆ ಬೇರೆ ಸ್ಪೀಕರಿಗೆ ಹಂಚುವ ಸ್ಪೀಕರ್ ಕ್ರಾಸ್‌ಓವರ್‌ಗೆ ಹಾಕುವ ನಾನ್‌ಪೋಲಾರ್ ಎಲೆಕ್ಟ್ರೋಲಿಟಿಕ್ ಡಬ್ಬಿಗೆ ‘ಯಾವ ಕಡೆ ಹಾಕಿದರೂ ಸರಿ’ ಅಂತ ಬರೆದರೆ ಆಗುತ್ತಾ?